ಎರಡು ವರ್ಷ ಹೆಚ್ಚಿಗೆ

ಕುಡತಿನಿ ದಾಟಿ, ಬಳ್ಳಾರಿ ಇನ್ನೊಂದು ಹರದಾರಿ ಇರುವಾಗ ಆ ಷೋರೂಮು.
ಕುರ್ಚಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ, ಕೂತರೆ ಸದ್ದು.
ಹುಡುಗನ ಎದೆಪಟ್ಟಿಯ ಮೇಲೆ ವೈ. ಸ್ವಾಮಿ.
ಯಾವೂರಪ್ಪ ಅಂದೆ. ಚೇಳ್ಳಗುರ್ಕಿ ಕಡೆ ಅಂದ.
ಹಂಗಾದರೆ ನೀನು ಎರ್ರಿಸ್ವಾಮಿ ಅಂದೆ.
ನಕ್ಕು, ಹಾಳೆಯನ್ನು ನನ್ನ ಕಡೆ ತಿರುಗಿಸಿದ.

ಮೂರು ವರ್ಷ ಕಂಪನಿಯದೇ ವಾರಂಟಿ, ಅಣ್ಣ.
ಆಮೇಲಿನ ಎರಡು ವರ್ಷಕ್ಕೆ ಅರವತ್ತೆಂಟು ಸಾವಿರ.
ಕಂತಿನಲ್ಲೇ ಸೇರಿಸಿಬಿಡ್ತೀನಿ, ಗೊತ್ತೇ ಆಗಲ್ಲ.

ಗೊತ್ತಾಗದೆ ಹೋದ ದುಡ್ಡು ನಮ್ಮ ಮನೆಯಲ್ಲಿ ಯಾವುದಿದೆ?
ಓಬುಳಮ್ಮ ಕನ್ನಡಕ ಏರಿಸಿ
ಹಿಂಬದಿಯ ಇರುವೆ ಅಕ್ಷರಗಳಿಗೆ ಇಳಿದಳು.
ಬೆರಳಿಟ್ಟು ಓದುವವಳು ಅವಳು, ಜೋಳ ಹಸನು ಮಾಡಿದ ಹಾಗೆ,
ಕಲ್ಲು ಬೇರೆ, ಕಾಳು ಬೇರೆ.

ಕ್ಲಚ್ ಪ್ಲೇಟ್ ಬರೋದಿಲ್ಲ. ಬ್ರೇಕ್ ಲೈನರ್ ಬರೋದಿಲ್ಲ.
ರಬ್ಬರಿನದು ಯಾವುದೂ ಇಲ್ಲ.
ಟೈರಿನ ಸುದ್ದಿಯೇ ಇಲ್ಲ.
ಹೆಚ್ಚು ಭಾರ ಹೇರಿದ್ದರೆ ಇಲ್ಲ.
ಧೂಳಿನಿಂದಾದ ಕೇಡಿಗೆ ಕಂಪನಿ ಹೊಣೆಯಲ್ಲ.

ಧೂಳಿನಿಂದಾದ ಕೇಡಿಗೆ, ಅಂತ ಇನ್ನೊಮ್ಮೆ ಓದಿದಳು.
ನಾನು ನನ್ನ ಷೂ ನೋಡಿಕೊಂಡೆ. ಬೆಳಿಗ್ಗೆ ಒರೆಸಿದ್ದು.
ದೋಣಿಮಲೆಯಿಂದ ತೋರಣಗಲ್ಲಿಗೆ ದಿನಕ್ಕೆ ಮೂರು ಟ್ರಿಪ್ಪು;
ನಮ್ಮಲ್ಲಿ ಬೇವೂ ಕೆಂಪು, ಎಮ್ಮೆಯೂ ಕೆಂಪು,
ಒಗೆದು ಹರವಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕಾವಿ ಆಗುತ್ತದೆ,
ಉಟ್ಟವನಿಗೆ ಸನ್ಯಾಸ ಬೇಡದಿದ್ದರೂ.
ಏರ್ ಫಿಲ್ಟರಿಗೆ ಯಾರು ಹೇಳಬೇಕು,
ಉಸಿರಾಡಬ್ಯಾಡಪ್ಪ ನೀನು ಅಂತ?

ಆದರೂ ಇಂಜೆಕ್ಟರ್ ಬರುತ್ತೆ ಅಣ್ಣ, ಗೇರ್ ಬಾಕ್ಸ್ ಬರುತ್ತೆ,
ಕಂಪ್ಯೂಟರ್ ಡಬ್ಬಿ ಬರುತ್ತೆ. ಯಾವುದು ಹೋದರೂ ಲಕ್ಷದ ಮಾತು.
ಒಂದೇ ಷರತ್ತು,
ಬೋಲ್ಟು ಬಿಚ್ಚಿದರೂ ನಮ್ಮಲ್ಲೇ ಬಿಚ್ಚಬೇಕು.
ಹೊರಗಿನ ಕೈ ಬಿತ್ತೋ, ಈ ಕಾಗದ ಸತ್ತ ಹಾಗೆ.

ಹೊರಗಿನ ಕೈ.
ಅದಕ್ಕೆ ಎಡಗಡೆ ಕಿರುಬೆರಳಿಲ್ಲ.
ಹಳೇ ಗಾಡಿಯ ಫ್ಯಾನ್ ಬೆಲ್ಟು ತಿಂದದ್ದು,
ಸಂಡೂರು ಘಟ್ಟದ ತಿರುವಿನಲ್ಲಿ, ರಾತ್ರಿ ಎರಡಕ್ಕೆ.
ಟಾರ್ಚು ಹಿಡಿದವನು ನಾನೇ.
ಕೈಗೆ ಟವೆಲು ಬಿಗಿದು, ಮೊದಲು ಬೆಲ್ಟು ಕೂರಿಸಿ,
ಆಮೇಲೆ ನಡಿ ಆಸ್ಪತ್ರೆಗೆ ಅಂದವನು ಹೊನ್ನೂರಸಾಬ.
ಹದಿನೇಳು ವರ್ಷ. ಬಿಲ್ಲು ಅಂದರೆ ಷೆಡ್ಡಿನ ಗೋಡೆಗೆ ಸುಣ್ಣದ ಗೀಟು;
ಮಳೆ ಎಷ್ಟು ಗೀಟು ಒರೆಸಿತೋ, ಇಬ್ಬರೂ ಎಣಿಸಲಿಲ್ಲ.

ಸಹಿ ಹಾಕಲಿಲ್ಲ. ಮೂವತ್ತು ದಿನ ಟೈಮ್ ಐತೆ ಅಂದ ಎರ್ರಿಸ್ವಾಮಿ.
ಕೀಲಿ ಕೊಟ್ಟ, ಫೋಟೊ ತೆಗೆದ, ಲಾಡು ತಿನ್ನಿಸಿದ.

ಮನೆಗೆ ಹೋಗೋಣ ಅಂದಿದ್ದಳು ಓಬುಳಮ್ಮ.
ಗಾಡಿ ಷೆಡ್ಡಿನ ಮುಂದೆ ನಿಂತಿತ್ತು.
ಅವನು ಬನೀನಿಗೆ ಕೈ ಒರೆಸಿಕೊಂಡು ಬಂದ, ಒಂದು ಸುತ್ತು ಹಾಕಿದ,
ಮುಟ್ಟಲಿಲ್ಲ.
ಕಾಗದ ಕೊಟ್ಟೆ. ಅಷ್ಟುದ್ದ ಹಿಡಿದು ದರವೊಂದನ್ನೇ ಓದಿದ.
ತಗೋಳೋ, ಅಂದ. ಇದಕ್ಕೆ ಲ್ಯಾಪ್‌ಟಾಪ್ ಬೇಕು,
ನನ್ನ ಹತ್ರ ಇರೋದು ಹನ್ನೆರಡು ಹದಿಮೂರರ ಪಾನಾ.
ನಿನಗೆ ಬೇಜಾರಿಲ್ಲೇನು ಅಂದೆ.
ಚಾ ಕುಡಿಯೋಕೆ ಬಂದರೂ ಕಾಗದ ಸಾಯುತ್ತೇನು?

ಆಮೇಲೆ ಅಂದ, ಸ್ಟಾರ್ಟ್ ಮಾಡು.
ಮುಂದಿನ ಜಾಲರಿಗೆ ಕಿವಿ ಆನಿಸಿದ, ಕಣ್ಣು ಮುಚ್ಚಿ,
ಕೂಸಿನ ಎದೆಗೆ ಆನಿಸಿದ ಹಾಗೆ.
ಎದುರಿನ ಬಜ್ಜಿ ಬಂಡಿಯವನೂ ಜಾರಿ ಹಿಡಿದು ಹಾಗೇ ನಿಂತ.
ಹಳೇ ಗಾಡಿಯಾಗಿದ್ದರೆ ಇಷ್ಟೊತ್ತಿಗೆ
ಎರಡನೇದು ಕೆಮ್ಮುತೈತೆ, ವಾಲ್ವ್ ಸಡಿಲ, ಅನ್ನುತ್ತಿದ್ದ.
ಬಹಳ ಹೊತ್ತು ನಿಂತ.

ಏನೂ ಕೇಳಿಸ್ತಿಲ್ಲಪ್ಪ, ಅಂದ.

ಇಂಜಿನ್ನು ಅಷ್ಟು ಚೊಲೋ ಐತೋ,
ಸುತ್ತಿಗೆ ಬಡಿದೂ ಬಡಿದೂ ಕಿವಿಯೇ ಮುಗಿದಾವೋ,
ಹೇಳಲಿಲ್ಲ. ನಾನು ಚಾ ಮುಗಿಸಿದೆ.

ಕಾಗದ ಡ್ಯಾಷ್‌ಬೋರ್ಡಿನ ಮೇಲೈತೆ.
ಇವತ್ತಿಗೆ ಹತ್ತೊಂಬತ್ತು ದಿನ.
ಬೆರಳಾಡಿಸಿದರೆ ಕೆಂಪು.